ಆಟಿ ಊಟದ ಮಾರನೆ ದಿನವೂ ಅಕ್ಕಿ ಬೇಕಲ್ಲ

ತಿಂಗಳ ಕೊನೆ ಹತ್ತಿರ ಬಂತು ಅಂದರೆ ನಮ್ಮ ಊರಿನ ರೇಷನ್ ಅಂಗಡಿಯ ಮುಂದೆ ಜಾತ್ರೆ. ಮೊದಲ ವಾರವೇ ಹೋದರೆ ಆರಾಮ ಅಂತ ಎಲ್ಲರಿಗೂ ಗೊತ್ತು, ಆದರೂ ಯಾರೂ ಹೋಗುವುದಿಲ್ಲ. 2023ರ ಜುಲೈ, ಒಂದು ಶನಿವಾರ. ನಮ್ಮ ಕಾಸರಗೋಡಿನ, ಅಂದರೆ ಕೇರಳದ, ಬದಿಯಡ್ಕ ಕಡೆ ಬಿಡದೆ ಮಳೆ. ಮರುದಿನ ಊರಿನ ಹಾಲ್‌ನಲ್ಲಿ 'ಆಟಿಡೊಂಜಿ ದಿನ' ಇತ್ತು, ಅಂದರೆ ತುಳುವಿನ ಆಟಿ ತಿಂಗಳ ಹಳೇ ಊಟದ ಕೂಟ. ಅದರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗಿನಿಂದಲೇ ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಸೊಪ್ಪಿನ ವಡೆ, ಎಳೆ ಬಿದಿರಿನ ಕಣಿಲೆ ಗಸಿ ಅಂತ ಪಟ್ಟಿ ಹರಿದಾಡುತ್ತಿತ್ತು. ನಾನು ಅದನ್ನು ಓದುತ್ತಾ ನಿಂತದ್ದು ರೇಷನ್ ಸಾಲಿನಲ್ಲಿ, ಕೈಯಲ್ಲಿ ಬಟ್ಟೆ ಚೀಲ ಹಿಡಿದುಕೊಂಡು.

ಸಾಲು ಮುಂದೆ ಹೋಗುತ್ತಿರಲಿಲ್ಲ. ಸರ್ವರ್ ಇಲ್ಲ. ಅಂಗಡಿಯವರು ಬೆರಳು ಒತ್ತುವ ಮೆಷಿನನ್ನು ಬಾಗಿಲ ಹತ್ತಿರ ತಂದು, ಮೇಲೆ ಎತ್ತಿ ಹಿಡಿದು, ಮತ್ತೆ ಮೇಜಿನ ಮೇಲಿಟ್ಟು, ಏನೇನೋ ಮಾಡುತ್ತಿದ್ದರು. ನನ್ನ ಮುಂದೆ ನೆರೆಮನೆಯ ಅಜ್ಜಿ. ವಯಸ್ಸು ಎಪ್ಪತ್ತೈದರ ಮೇಲೆ. ಅವರದ್ದು ಪಿಂಕ್ ಕಾರ್ಡ್, ಅಂದರೆ ಬಡವರ ಆದ್ಯತಾ ಕಾರ್ಡ್, ಮನೆಯಲ್ಲಿ ಮೂವರು. ತಲೆಗೆ 4 ಕಿಲೋ ಅಕ್ಕಿ, 1 ಕಿಲೋ ಗೋಧಿ ಅಂತ ಆಗಿನ ಲೆಕ್ಕ. ನಮ್ಮದು ಬಿಳಿ ಕಾರ್ಡ್, ಆದ್ಯತೆ ಇಲ್ಲದವರದ್ದು. ನಮಗೆ ಆಗ ಕಿಲೋಗೆ 10 ರೂಪಾಯಿ 90 ಪೈಸೆ ಕೊಟ್ಟರೆ ಸ್ವಲ್ಪ ಅಕ್ಕಿ ಸಿಗುತ್ತಿತ್ತು, ತಿಂಗಳಿಗೆ ಎಷ್ಟು ಅಂತ ಆಯಾ ತಿಂಗಳೇ ಗೊತ್ತಾಗುತ್ತಿತ್ತು.

ಸರ್ವರ್ ಬಂದ ಮೇಲೆ ಅಜ್ಜಿಯ ಹೆಬ್ಬೆರಳನ್ನು ಮೆಷಿನ್ ಒಪ್ಪಲಿಲ್ಲ. ವರ್ಷಗಟ್ಟಲೆ ಬೀಡಿ ಕಟ್ಟಿದ, ಅಡಿಕೆ ಸುಲಿದ ಕೈ. ಬೆರಳ ತುದಿ ನುಣ್ಣಗಾಗಿ ಗೆರೆಯೇ ಕಾಣುವುದಿಲ್ಲ. ಅವರು ಬೆರಳನ್ನು ಸೀರೆಗೆ ಒರೆಸಿದರು, ಆಮೇಲೆ ತಲೆಗೂದಲಿಗೆ ತಿಕ್ಕಿ ಎಣ್ಣೆ ಮಾಡಿಕೊಂಡು ಮತ್ತೆ ಒತ್ತಿದರು. ಇಲ್ಲ. ಎಡಗೈ ಬೆರಳು? ಅದೂ ಇಲ್ಲ. ಒಟಿಪಿ ಹೋಗುವುದು ಮಗನ ಫೋನಿಗೆ, ಮಗ ಮಂಗಳೂರಿನಲ್ಲಿ ಕೆಲಸದಲ್ಲಿ. ಅಂಗಡಿಯವರೇ ಫೋನ್ ಮಾಡಿ ನಂಬರ್ ಕೇಳಿಕೊಂಡರು, ಕೆಲಸ ಆಯಿತು. ಬಿಲ್ ಮಲಯಾಳದಲ್ಲಿ ಬಂತು. ಅಜ್ಜಿಗೆ ಓದಲು ಬರುವುದಿಲ್ಲ, ಕನ್ನಡವಾದರೂ ಅಷ್ಟೇ ಅನ್ನಿ, ಆದರೆ ಕನ್ನಡ ಓದುವ ಅವರ ಮೊಮ್ಮಗಳಿಗಾದರೂ ಅರ್ಥವಾಗುತ್ತಿತ್ತು.

ಚೀಲ ನಾನು ಎತ್ತಿಕೊಂಡೆ. ದಾರಿಯಲ್ಲಿ ತರಕಾರಿ ಅಂಗಡಿಗೆ ಹೋದೆವು. ಆ ತಿಂಗಳು ಟೊಮೆಟೊ ಎಲ್ಲ ಕಡೆ ನೂರು ದಾಟಿತ್ತು, ನೆನಪಿರಬಹುದು. ಅಂಗಡಿಯವನು ಟೊಮೆಟೊ ಬುಟ್ಟಿಯನ್ನು ಮುಂದಿನಿಂದ ತೆಗೆದು ಒಳಗಿಟ್ಟಿದ್ದ, ಬಂದವರೆಲ್ಲ ಸುಮ್ನೆ ಹಿಚುಕಿ ನೋಡಿ ಹೋಗುತ್ತಾರೆ ಅಂತ. ನಮ್ಮ ಕಡೆಗೆ ತರಕಾರಿ ಬರುವುದು ಹೆಚ್ಚಾಗಿ ಮೈಸೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ. ಘಾಟಿಯಲ್ಲಿ ಮಣ್ಣು ಕುಸಿದರೆ ಇಲ್ಲಿ ಬೀನ್ಸ್ ಇಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದಿದ್ದರಲ್ಲ, ಆಗ ನಮ್ಮವರಿಗೆ ಇದು ಸರಿಯಾಗಿ ಅರ್ಥವಾಗಿತ್ತು. ಈಗ ಮರೆತಿದ್ದಾರೆ. ಮೀನಿನ ಕಥೆಯೂ ಅದೇ. ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ, ಕೇರಳದಲ್ಲಿ 52 ದಿನ. ನಾಡದೋಣಿಯವರು ತಂದ ಬೂತಾಯಿ ಮೀನಿನ ರೇಟಿಗೆ ಕೈ ಹಾಕಲಿಕ್ಕಿಲ್ಲ. ಅಜ್ಜಿ ಅರ್ಧ ಕಿಲೋ ನೀರುಳ್ಳಿ, ಸ್ವಲ್ಪ ಒಣಮೀನು ತೆಗೆದುಕೊಂಡರು. ಟೊಮೆಟೊ ಕಡೆ ನೋಡಲೂ ಇಲ್ಲ.

"ಹುಳಿಗೆ ಎಂತ ಮಾಡ್ತೀರಿ ಅಜ್ಜಿ?" ಅಂದೆ.

"ಬಿಂಬುಳಿ ಉಂಟಲ್ಲ ಮಗಾ ಹಿತ್ತಿಲಲ್ಲಿ. ಟೊಮೆಟೊ ನಾವು ಯಾವಾಗ ತಿನ್ನಲಿಕ್ಕೆ ಶುರು ಮಾಡಿದ್ದು ಹೇಳು?"

ಅವರ ಮನೆಯ ಅಡುಗೆಕೋಣೆಯ ಜಂತಿಯಲ್ಲಿ ಬಣ್ಣದ ಸೌತೆ ನೇತಾಡುತ್ತಿತ್ತು. ಬೇಸಿಗೆಯಲ್ಲಿ ಕೊಯ್ದದ್ದು. ಒಂದೊಂದನ್ನೂ ಬಾಳೆನಾರಿನಲ್ಲಿ ಸುತ್ತು ಹಾಕಿ, ಒಂದಕ್ಕೊಂದು ತಾಗದ ಹಾಗೆ ಕಟ್ಟಿದ್ದರು. ತಾಗಿದರೆ ಆ ಜಾಗದಲ್ಲೇ ಕೊಳೆಯುತ್ತದೆ. ಮೂಲೆಯಲ್ಲಿ ಭರಣಿ, ಅದರೊಳಗೆ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮೇಲೆ ಒಂದು ತೊಳೆದ ಕಲ್ಲು. ಅಜ್ಜಿ ಕಲ್ಲು ಸರಿಸಿ ಎರಡು ಹಿಡಿ ಸೊಳೆ ತೆಗೆದು ನೀರಿಗೆ ಹಾಕಿದರು. ಹಲಸಿನ ಆ ಹುಳಿ ವಾಸನೆ ಇಡೀ ಕೋಣೆ ತುಂಬಿತು. ನೀರು ಬದಲಿಸುತ್ತಾ ಹಿಂಡಿ ಹಿಂಡಿ ಉಪ್ಪು ಬಿಡಿಸಿದರೆ ಮಾತ್ರ ಬಾಯಿಗಿಡಲು ಆಗುತ್ತದೆ. ಮನೆಯ ಮೂವರಿಗೆ ರಾತ್ರಿಯ ಪಲ್ಯ ಅದು. ಜೊತೆಗೆ ಈಗಷ್ಟೇ ತಂದ ರೇಷನ್ ಕುಚ್ಚಿಲಕ್ಕಿಯ ಗಂಜಿ.

ಮರುದಿನ ಹಾಲ್‌ನಲ್ಲಿ ಅದೇ ಉಪ್ಪುಸೊಳೆ ಪಲ್ಯವನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿ ಬಡಿಸಿದರು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪತ್ರೊಡೆಗೆ ಹುಳಿ ಸರಿಯಾಗಿ ಬಿದ್ದಿತ್ತು, ಗಂಟಲು ತುರಿಸಲಿಲ್ಲ. ತಿಮರೆ (ಒಂದೆಲಗ) ಚಟ್ನಿ, ಹುರುಳಿ ಚಟ್ನಿ, ಮೆಂತೆ ಗಂಜಿ ಎಲ್ಲ ಇತ್ತು. ಒಂದು ಮೂಲೆಯಲ್ಲಿ ಚೆನ್ನೆಮಣೆ ಇಟ್ಟಿದ್ದರು, ಮಕ್ಕಳು ಆಡುವುದಕ್ಕಿಂತ ಫೋಟೋ ತೆಗೆದದ್ದೇ ಜಾಸ್ತಿ. ಆಮೇಲೆ ಭಾಷಣ. ನಮ್ಮ ಹಿರಿಯರು ಆಟಿಯಲ್ಲಿ ಸೊಪ್ಪುಸದೆ ತಿಂದು ಎಷ್ಟು ಗಟ್ಟಿಮುಟ್ಟಾಗಿದ್ದರು, ನಾವು ಅಂಗಡಿ ತಿಂಡಿ ತಿಂದು ಹೇಗಾಗಿದ್ದೇವೆ ಅಂತ. ಈ ಭಾಷಣ ಎಲ್ಲ ಊರಿನಲ್ಲೂ ಒಂದೇ.

ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ತಜಂಕ್ ವಡೆ ಬಂದಾಗ ಬೇಡ ಅಂತ ಕೈ ಅಡ್ಡ ಹಿಡಿದರು. ಬಡಿಸುವ ಹುಡುಗಿ, "ಒಳ್ಳೇದು ಅಜ್ಜಿ, ಔಷಧಿ ಗುಣ ಉಂಟು" ಅಂದಳು.

"ನನಗೆ ಗೊತ್ತುಂಟು ಮಗಳೇ. ಅನ್ನ ಇಲ್ಲದೆ ಅದನ್ನೇ ಬೇಯಿಸಿ ತಿಂದವಳು ನಾನು. ನನಗೆ ಸ್ವಲ್ಪ ಅನ್ನ ಹಾಕು."

ಸುತ್ತ ಕೂತವರು ನಕ್ಕರು, ಅಜ್ಜಿ ತಮಾಷೆ ಮಾಡಿದರು ಅಂದುಕೊಂಡು.

ಆಟಿ ಅಂದರೆ ಏನು ಅಂತ ಅವರು ಊಟ ಮಾಡುತ್ತಲೇ ಹೇಳಿದರು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ನೇಜಿ ನೆಟ್ಟು ಮುಗಿದಿರುತ್ತದೆ, ಅಲ್ಲಿಗೆ ಕೂಲಿ ಮುಗಿಯಿತು. ಕೊಯ್ಲಿಗೆ ಇನ್ನೂ ತಿಂಗಳುಗಳಿವೆ. ಮಳೆಗೆ ಬೇರೆ ಕೆಲಸವೂ ಇಲ್ಲ. ಮನೆಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿಟ್ಟಿದ್ದ ಅಕ್ಕಿಮುಡಿ ಬಿಚ್ಚಿ ಖಾಲಿಯಾಗಿರುತ್ತದೆ. ದೊಡ್ಡ ಮನೆಗೆ ಹೋಗಿ ಒಂದು ಕಳಸೆ, ಅಂದರೆ 14 ಸೇರು ಸಾಲ ತರಬೇಕು. ಕೊಯ್ಲಾದ ಮೇಲೆ ಒಂದೂವರೆ ಕಳಸೆ ಅಳೆದು ಕೊಡಬೇಕು. ಸಾಲ ಕೊಡದಿದ್ದರೆ ತಜಂಕ್, ಕೆಸುವಿನ ದಂಟು, ಹಲಸಿನ ಬೀಜ. ಮೂರು ಮಕ್ಕಳಿಗೆ ಗಂಜಿ ಬಡಿಸಿ ಅವರಮ್ಮ ಬರೀ ತಿಳಿ ಕುಡಿದು ಮಲಗುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಅನ್ನಕ್ಕೆ ಇನ್ನೂ ಸ್ವಲ್ಪ ಸಾರು ಕೇಳಿದರು.

ನನಗೆ ಈ ಹಳೇ ಊಟದ ಮೇಲೆ ಸಿಟ್ಟಿಲ್ಲ. ಪತ್ರೊಡೆ ಸಿಕ್ಕಿದರೆ ಮೂರು ತಿನ್ನುವವನು ನಾನು. ಆದರೆ ಆ ವೇದಿಕೆಯಲ್ಲಿ ರೇಷನ್ ಅಂಗಡಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕೇರಳದಲ್ಲಿ 1960ರ ದಶಕದಲ್ಲೇ ಹೆಚ್ಚುಕಡಿಮೆ ಎಲ್ಲರಿಗೂ ರೇಷನ್ ಬಂದದ್ದು, 1970ರಿಂದ ಗೇಣಿ ಹೋದದ್ದು, ಇವೆರಡು ಆಟಿಯ ಹಸಿವನ್ನು ಮುಗಿಸಿದವು ಅಂತ ನಾನು ನಂಬುತ್ತೇನೆ. ಸೊಪ್ಪಿನ ಔಷಧಿ ಗುಣ ಅಲ್ಲ. ಈಗ 2013ರ ಆಹಾರ ಭದ್ರತಾ ಕಾಯ್ದೆ ಇದೆ, ಕೇರಳದಲ್ಲಿ ಅದು ಜಾರಿಯಾದದ್ದು 2016ರ ನವೆಂಬರಿನಲ್ಲಿ. ಅಜ್ಜಿಗೆ ಕಾಯ್ದೆ ಗೊತ್ತಿಲ್ಲ, ಪಿಂಕ್ ಕಾರ್ಡ್ ಗೊತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಫೋಟೋದ ಹಿಂದೆ ಇಡುತ್ತಾರೆ.

ಇನ್ನೊಂದು ವಿಷಯ. ಅಂದು ಹಾಲ್‌ಗೆ ಬಂದವರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ಅವರ ಅಪ್ಪಂದಿರ ಗದ್ದೆಗಳೆಲ್ಲ ಈಗ ಅಡಿಕೆ. ಗದ್ದೆ ಮುಚ್ಚಬಾರದು ಅಂತ ಕೇರಳದಲ್ಲಿ 2008ರ ಕಾನೂನು ಇದೆ, ಅಷ್ಟರಲ್ಲಿ ನಮ್ಮ ಕಡೆ ಮುಗಿಯುವಷ್ಟು ಮುಗಿದಿತ್ತು. ಅವರನ್ನು ಬೈಯುವುದೂ ಸುಲಭ ಅಲ್ಲ. ಭತ್ತದಲ್ಲಿ ಖರ್ಚೂ ಹುಟ್ಟುವುದಿಲ್ಲ, ನಾಟಿಗೆ ಜನ ಇಲ್ಲ, ಹಂದಿ ಕಾಟ ಬೇರೆ. ನಮ್ಮ ಪಕ್ಕದ ಬೆಳ್ಳೂರಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿಕೊಂಡಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಎಲ್ಲರಿಗೂ ಹೆಮ್ಮೆ, ಬ್ಯಾನರ್ ಹಾಕಿದವರೂ ಇದ್ದಾರೆ. ಬೀಜ ಬಿತ್ತಲು ಗದ್ದೆ ಯಾರ ಹತ್ತಿರ ಉಂಟು ಅಂತ ಕೇಳಿದರೆ ಮಾತು ಅಡಿಕೆ ರೇಟಿಗೆ ತಿರುಗುತ್ತದೆ.

ಊಟ ಮುಗಿಸಿ ಹೊರಡುವಾಗ ಸಂಘಟಕರಲ್ಲಿ ಒಬ್ಬರಿಗೆ ಹೇಳಿದೆ, ಮುಂದಿನ ವರ್ಷ ಭಾಷಣಕ್ಕೆ ಹೊರಗಿನವರು ಬೇಡ, ಈ ಅಜ್ಜಿಯನ್ನೇ ಕೂರಿಸಿ ಅಂತ. "ಆಗಬಹುದು ಮಾರಾಯ್ರೆ, ಆದರೆ ಸ್ವಲ್ಪ ಪಾಸಿಟಿವ್ ಆಗಿ ಮಾತಾಡ್ಬೇಕು" ಅಂದರು. ಅಜ್ಜಿಗೆ ಅದು ಕೇಳಿಸಿತು. "ನಾನು ಬರುವುದಿಲ್ಲಪ್ಪ," ಅಂದರು, "ಮಾತಾಡಲಿಕ್ಕೆ ಕರೆದರೆ ಬಸ್ಸಿನ ದುಡ್ಡು ನೀವು ಕೊಡ್ತೀರಾ?" ಅವರು ನಗುತ್ತಾ ಕೊಡ್ತೇವೆ ಅಂದರು. ಮುಂದಿನ ವರ್ಷ ಆಟಿಯಲ್ಲಿ ಕರೆ ಬರಲಿಲ್ಲ.