ಓಟವೋ, ನೋಟವೋ?

ಈಗಿನ ಸ್ಪೋರ್ಟಿ ಕೂಪೆಗಳಲ್ಲಿ (ಎರಡು ಬಾಗಿಲಿನ ಕಾರುಗಳಲ್ಲಿ) ಓಟಕ್ಕಿಂತ ನೋಟಕ್ಕೇ ಬೆಲೆ ಅನ್ನೋ ದೂರು ಪೂರ್ತಿ ಸುಳ್ಳಲ್ಲ. ಆದರೆ 2012ರಲ್ಲಿ ಬಂದ ಟೊಯೊಟಾ ಜಿಟಿ86 ಅದಕ್ಕೆ ತಕ್ಕ ಉತ್ತರ. 2 ಲೀಟರ್ ಬಾಕ್ಸರ್ ಎಂಜಿನ್ (ಪಿಸ್ಟನ್ ಎದುರುಬದುರಾಗಿ ಮಲಗಿರೋದು), 200 ಅಶ್ವಶಕ್ತಿ, ತೂಕ 1,250 ಕೆ.ಜಿ. ಆಸುಪಾಸು. ಬೇಕಂತಲೇ ಹಿಡಿತ ಕಡಿಮೆಯಿರೋ ಟೈರ್ ಕೊಟ್ಟಿದ್ದರು. ಹಾಗಾಗಿ ಹಿಂಬದಿ ಜಾರೋಕೆ ಶುರುವಾದದ್ದು ಸಾಧಾರಣ ವೇಗದಲ್ಲೇ ಸೊಂಟಕ್ಕೆ ಗೊತ್ತಾಗುತ್ತೆ. ಕೊರತೆ ಇರಲಿಲ್ಲ ಅಂತಲ್ಲ: 3,500ರಿಂದ 4,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತೋ ಸಲ) ನಡುವೆ ಟಾರ್ಕ್ (ತಿರುಗಿಸೋ ಬಲ) ಕುಸಿಯುತ್ತಿತ್ತು. ಮುಂದಿನ ತಲೆಮಾರಾದ ಜಿಆರ್86ರ 2.4 ಲೀಟರ್ ಎಂಜಿನ್ ಅದನ್ನು ಸರಿ ಮಾಡಿತು, 250 ಎನ್‌ಎಂ ಟಾರ್ಕ್ 3,700 ಸುತ್ತಿಗೇ ಸಿಗುತ್ತೆ.

ನೋಟದ ಆಸೆ ನಿಜಕ್ಕೂ ಕೆಡಿಸೋದು ಚಕ್ರವನ್ನ. ಚಂದಕ್ಕೆ ಅಂತ ದೊಡ್ಡ ರಿಮ್ ಹಾಕಿದರೆ ಟೈರ್ ತೆಳುವಾಗುತ್ತೆ: 17 ಇಂಚಿನ ರಿಮ್ಮಿಗೆ ಹಾಕೋ 215/45 ಆರ್17 ಟೈರಿನ ಪಕ್ಕದ ಗೋಡೆ ಸುಮಾರು 97 ಮಿ.ಮೀ. ಎತ್ತರ, 18 ಇಂಚಿನ 215/40 ಆರ್18ಕ್ಕೆ 86 ಮಾತ್ರ. ಒಂದು ಸೆಂಟಿಮೀಟರಿಗೂ ಹೆಚ್ಚು ರಬ್ಬರ್ ಹೋಯ್ತು. ಜೊತೆಗೆ ದೊಡ್ಡ ರಿಮ್ ಭಾರವೂ ಆಗಿದ್ದರೆ ಚಕ್ರದ ಕುಲುಕಾಟ ತಡೆಯೋ ಡ್ಯಾಂಪರ್‌ಗೆ ಅದನ್ನ ಹತೋಟಿಯಲ್ಲಿಡೋದು ಕಷ್ಟ. ತಿರುವಿನ ನಡುವೆ ಉಬ್ಬು ಸಿಕ್ಕರೆ ಚಕ್ರ ಅರೆಕ್ಷಣ ನೆಲ ಬಿಡುತ್ತೆ, ಕಾರು ಹೊರಕ್ಕೆ ಜರುಗುತ್ತೆ. ಅದಕ್ಕೇ ಎರಡೂ ಅಳತೆ ಸಿಗೋ ಕಡೆ ನನ್ನ ಓಟು 17ಕ್ಕೇ. ಉಳಿದ ದುಡ್ಡಲ್ಲಿ ಒಳ್ಳೆ ಬ್ರೇಕ್ ಪ್ಯಾಡ್ ಹಾಕಿಸಿ.