ಎರಡೂ ಕೈಗೆ ಸಮ ಭಾರ

ಹೋದ ವರ್ಷ ಕಾರ್ತಿಕ ಮಾಸದ ಒಂದು ಬೆಳಿಗ್ಗೆ. ಬಚ್ಚಲಲ್ಲಿ ಮಣೆ ಮೇಲೆ ಕೂತಿದ್ದ ನನ್ನ ಅವ್ವ ಮೇಲೇಳೋಕಾಗದೆ ನನ್ನನ್ನು ಕೂಗಿದಳು. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಮಂಡಿ ಕೈಕೊಟ್ಟಿತ್ತು, ಅಷ್ಟೆ. ಕಂಕುಳಿಗೆ ಕೈಹಾಕಿ ಎತ್ತೋಕೆ ನೋಡಿದೆ, ಆಗಲಿಲ್ಲ. ಇನ್ನೊಂದು ಸಲ ನೋಡಿದೆ. ನನ್ನ ಸೊಂಟದಲ್ಲೇ ಚಳುಕು ಹೊಡೆಯಿತು. ಕೊನೆಗೆ ಪಕ್ಕದ ಮನೆ ಅಕ್ಕನನ್ನು ಕರೆದು ಇಬ್ಬರೂ ಸೇರಿ ಎಬ್ಬಿಸಿದೆವು. ಅವ್ವನ ತೂಕ ಐವತ್ತೆರಡು ಕೆಜಿ. ಅಷ್ಟನ್ನೂ ನಾನೊಬ್ಬಳೇ ಎತ್ತಬೇಕಿರಲಿಲ್ಲ, ಒಂಚೂರು ಆಸರೆ ಕೊಟ್ಟಿದ್ದರೆ ಸಾಕಿತ್ತು. ಅದೂ ನನ್ನ ಕೈಲಾಗಲಿಲ್ಲ.

ಇದು ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ನಾನು ಸುಮ್ನೆ ಕೂತವಳಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಮಂಡ್ಯದ ಸ್ಟೇಡಿಯಂನಲ್ಲಿ ವಾಕಿಂಗ್ ಮಾಡುತ್ತಿದ್ದೆ. ಮಳೆ ಬಂದರೆ ಕೊಡೆ ಹಿಡಿದು ನಡೆಯುತ್ತಿದ್ದೆ. ಸಕ್ಕರೆ, ಬಿಪಿ ಎರಡೂ ಸರಿಯಿದ್ದವು. ಇಷ್ಟು ಸಾಕು ಅಂದುಕೊಂಡಿದ್ದೆ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ಹೇಳುವುದು ಎರಡು ಮಾತು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು ಅನ್ನುವುದು ಒಂದು. ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಅನ್ನುವುದು ಇನ್ನೊಂದು. ನಮ್ಮಲ್ಲಿ ಡಾಕ್ಟರಿಂದ ಹಿಡಿದು ನೆಂಟರ ತನಕ ಎಲ್ಲರೂ ಮೊದಲನೆಯದನ್ನೇ ಹೇಳುತ್ತಾರೆ. ಎರಡನೆಯದನ್ನು ಹೆಂಗಸರಿಗಂತೂ ಯಾರೂ ಹೇಳುವುದಿಲ್ಲ. ನನಗೀಗ ನಲವತ್ತೇಳು. ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆ ಸವೆಯುವುದು ಜೋರಾಗುತ್ತದೆ. ಭಾರ ಹೊತ್ತರೆ, ಭಾರ ಎತ್ತಿದರೆ ಮೂಳೆಗೂ ಗಟ್ಟಿಯಾಗಿರುವ ಕಾರಣ ಸಿಗುತ್ತದೆ. ಇದನ್ನು ನಲವತ್ತಕ್ಕೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ನಾನು ಕೆಲಸ ಮಾಡುವುದು ಒಂದು ರೈಸ್ ಮಿಲ್ಲಿನಲ್ಲಿ, ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕುರ್ಚಿ. ಕಿಟಕಿಯಾಚೆ ಹಮಾಲರು ಮೂಟೆ ಹೊತ್ತು ಲಾರಿ ಹತ್ತುತ್ತಿರುತ್ತಾರೆ, ಈಚೆ ನಾನು ಮೂಟೆ ಎಣಿಸಿ ಬರೆಯುತ್ತಿರುತ್ತೇನೆ. ಮನೆ ಹತ್ತಿರವೇ ಒಂದು ಜಿಮ್ ಇದೆ. ಬೆಳಿಗ್ಗೆ ಆರರಿಂದ ಏಳು ಹೆಂಗಸರ ಬ್ಯಾಚು. ಡಾಕ್ಟರಿಗೆ ತೋರಿಸಿ, ಬಿಪಿ ನೋಡಿಸಿಕೊಂಡು ಸೇರಿದೆ. ಕೋಚ್ ಇಪ್ಪತ್ತಾರರ ಹುಡುಗಿ, ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಮೊದಲ ಎರಡು ತಿಂಗಳು ನಾನು ಟ್ರೆಡ್‌ಮಿಲ್ಲು, ಸೈಕಲ್ಲು ಬಿಟ್ಟು ಆಚೆ ಹೋಗಲೇ ಇಲ್ಲ. ಒಂದು ದಿನ ಅವಳೇ ಬಂದು, "ಅಕ್ಕ, ನಡೆಯೋದು ನಿಮಗೆ ಬರುತ್ತೆ. ಶನಿವಾರ ಶನಿವಾರ ಒಂದೊಂದು ಹೊಸದು ಮಾಡೋಣ," ಅಂದಳು.

ಹಾಗೆ ಶುರುವಾಯಿತು. ಜುಂಬಾ ಮಾಡಿದೆ. ಕೊಲಂಬಿಯಾ ದೇಶದಲ್ಲಿ ಹುಟ್ಟಿದ ಕುಣಿತ ಅದು. ಜೊತೆಯವರು ಖುಷಿಯಾಗಿ ಕುಣಿದರು, ನನಗೆ ಮಾತ್ರ ಹಿಡಿಸಲಿಲ್ಲ. ದಪ್ಪ ಹಗ್ಗದ ಎರಡು ತುದಿ ಹಿಡಿದು ಅಲೆ ಎಬ್ಬಿಸುವ ಬ್ಯಾಟಲ್ ರೋಪ್ ಮಾಡಿದೆ. ಅದಕ್ಕೊಂದು ಲೆಕ್ಕ ಇದೆ: ಇಪ್ಪತ್ತು ಸೆಕೆಂಡ್ ಪೂರ್ತಿ ಜೋರು, ಹತ್ತು ಸೆಕೆಂಡ್ ಬಿಡುವು, ಹೀಗೆ ಎಂಟು ಸಲ. ಜಪಾನಿನ ತಬಾಟ ಅನ್ನುವ ವಿಜ್ಞಾನಿಯ ಹೆಸರಲ್ಲಿ ಇದನ್ನು ಕರೆಯುತ್ತಾರೆ. ಅವರ ಅಧ್ಯಯನ ಪ್ರಕಟವಾದದ್ದು 1996ರಲ್ಲಿ. ಒಟ್ಟು ನಾಲ್ಕೇ ನಿಮಿಷ ಅಂತ ಕೇಳುವಾಗ ಸುಲಭ ಅನಿಸುತ್ತದೆ. ಕೋಚ್ ನನಗೆ ನಾಲ್ಕು ಸಲಕ್ಕೇ ನಿಲ್ಲಿಸಿದಳು, ಅಷ್ಟಕ್ಕೇ ಉಸಿರು ಗಂಟಲಿಗೆ ಬಂದಿತ್ತು. ಆ ಲೆಕ್ಕ ಮೊದಲು ಕಟ್ಟಿದ್ದು ಚೆನ್ನಾಗಿ ಪಳಗಿದ ಆಟಗಾರರಿಗೆ. ನಮ್ಮ ವಯಸ್ಸಿನವರು ಕೇಳಿದ ತಕ್ಷಣ ಪೂರ್ತಿ ಮಾಡೋಕೆ ಹೋಗಬಾರದು.

ನನ್ನ ಮನಸ್ಸು ನಿಂತದ್ದು ಆಮೇಲಿನ ಮೂರರಲ್ಲಿ.

ಮೊದಲನೆಯದು ನೆಲದಿಂದ ಭಾರ ಎತ್ತುವುದು, ಡೆಡ್‌ಲಿಫ್ಟ್. ಭಾರ ಕೈಗೆ ಕೊಡುವ ಮುಂಚೆ ಕೋಚ್ ಬರೀ ಬಗ್ಗುವುದನ್ನು ಕಲಿಸಿದಳು. ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲು ಹಿಡಿಯಬೇಕು. ಅದು ತಲೆಯ ಹಿಂಭಾಗ, ಹೆಗಲುಗಳ ನಡು, ಸೊಂಟದ ಕೆಳಗಿನ ಮೂಳೆ, ಈ ಮೂರು ಕಡೆ ತಾಗಿರಬೇಕು. ಬಗ್ಗುವಾಗ ಮೂರರಲ್ಲಿ ಒಂದೂ ಬಿಡಬಾರದು. ನಾನು ಬಗ್ಗಿದಾಗೆಲ್ಲ ಬೆನ್ನು ಗೂನಾಗುತ್ತಿತ್ತು, ಕೋಲು ಎದ್ದುಹೋಗುತ್ತಿತ್ತು. ಹತ್ತು ಸಲ ಹಾಗೇ ಆಯಿತು. ಆಗ ಅವಳು, "ಅಕ್ಕ, ನಾಟಿ ಹಾಕೋರನ್ನ ನೋಡಿದ್ದೀರಲ್ಲ?" ಅಂದಳು.

ನೋಡದೆ ಇರುತ್ತೇನಾ? ನಮ್ಮೂರು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರಿನ ಬಯಲು. ನಾಲೆಗೆ ನೀರು ಬಿಟ್ಟ ಮೇಲೆ ಕೆಸರು ಗದ್ದೆಯಲ್ಲಿ ಸಾಲಾಗಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಪೈರು ನೆಡುವ ಹೆಂಗಸರಲ್ಲಿ ನನ್ನ ಅವ್ವನೂ ಇರುತ್ತಿದ್ದಳು. ಕಾಲು ಕೊಂಚ ಅಗಲ, ಮಂಡಿ ಒಂಚೂರು ಸಡಿಲ. ಬೆನ್ನು ಮಾತ್ರ ಹಲಗೆ ಇಟ್ಟ ಹಾಗೆ. ಅವರು ಬೆನ್ನಿನಿಂದ ಬಗ್ಗುತ್ತಿರಲಿಲ್ಲ, ತೊಡೆ ಸಂದಿನಿಂದ ಬಗ್ಗುತ್ತಿದ್ದರು. ಅವ್ವನನ್ನು ನೆನೆಸಿಕೊಂಡು ಕುಂಡಿ ಹಿಂದಕ್ಕೆ ತಳ್ಳಿ ಬಗ್ಗಿದೆ. ಕೋಲು ಮೂರೂ ಕಡೆ ಅಂಟಿಕೊಂಡೇ ಇತ್ತು. ತೊಡೆಯ ಹಿಂಭಾಗ ಸೆಳೆಯಿತು. "ಇದೇ, ಇದೇ!" ಅಂತ ಕೋಚ್ ಚಪ್ಪಾಳೆ ಹೊಡೆದಳು. ಅವತ್ತು ಎತ್ತಿದ್ದು ಹತ್ತೇ ಕೆಜಿ.

ಎರಡನೆಯದು ಕೆಟಲ್‌ಬೆಲ್. ಹಿಡಿ ಇರುವ ಕಬ್ಬಿಣದ ಗುಂಡು ಅದು. ರಷ್ಯಾದ ಸಂತೆಗಳಲ್ಲಿ ಧಾನ್ಯ ತೂಗಲು ಇಟ್ಟುಕೊಂಡಿದ್ದ ತೂಕದ ಬಟ್ಟೇ ವ್ಯಾಯಾಮಕ್ಕೆ ಬಂತಂತೆ. ಅವರ ಹಳೇ ಅಳತೆ ಪೂಡ್, ಅಂದರೆ ಸುಮಾರು 16 ಕೆಜಿ. ಈಗಲೂ 16, 24, 32 ಅಂತ ಅದೇ ಲೆಕ್ಕದಲ್ಲಿ ಕೆಟಲ್‌ಬೆಲ್ ಸಿಗುತ್ತವೆ. ನಮ್ಮಪ್ಪ ಆಲೆಮನೆಯಿಂದ ಬೆಲ್ಲ ತುಂಬಿಕೊಂಡು ಮಂಡ್ಯದ ಮಂಡಿಗೆ ಬರುತ್ತಿದ್ದಾಗ ನಾನೂ ಗಾಡಿ ಹತ್ತುತ್ತಿದ್ದೆ. ಅಲ್ಲಿ ತಕ್ಕಡಿ ಪಕ್ಕ ಎಣ್ಣೆ ಜಿಡ್ಡು ಹಿಡಿದ ಕಬ್ಬಿಣದ ಬಟ್ಟುಗಳು ಸಾಲಾಗಿ ಕೂತಿರುತ್ತಿದ್ದವು. ಕೆಟಲ್‌ಬೆಲ್ಲಿನ ಹಿಡಿ ಕೈಗೆ ತಣ್ಣಗೆ ತಾಗಿದಾಗ ಆ ಮಂಡಿಯ ಬೆಲ್ಲದ ವಾಸನೆಯೇ ಮೂಗಿಗೆ ಬಂದ ಹಾಗಾಯಿತು.

ಮೂರನೆಯದರ ಹೆಸರೇ ಫಾರ್ಮರ್ಸ್ ವಾಕ್. ರೈತನ ನಡಿಗೆ. ಎರಡೂ ಕೈಯಲ್ಲಿ ಒಂದೊಂದು ಭಾರ ಹಿಡಿದು, ಹೆಗಲು ಜೋತುಬೀಳದ ಹಾಗೆ, ಇಪ್ಪತ್ತು ಮೀಟರ್ ನೆಟ್ಟಗೆ ನಡೆದು ಕೆಳಗಿಡಬೇಕು. ಇದಕ್ಕಿಂತ ಸರಳ ವ್ಯಾಯಾಮ ಇಲ್ಲ. ಕೈಗೆ ಎಂಟೆಂಟು ಕೆಜಿ ಕೊಟ್ಟಳು. ಹತ್ತು ಹೆಜ್ಜೆ ಆರಾಮಾಗಿ ಹೋದೆ. ಹದಿನೈದಕ್ಕೆ ಮುಂಗೈ ಉರಿಯೋಕೆ ಶುರುವಾಯಿತು. ಇಪ್ಪತ್ತಕ್ಕೆ ಕಿರುಬೆರಳು ತಾನಾಗೇ ಬಿಚ್ಚಿಕೊಳ್ಳುತ್ತಿತ್ತು. ಹೊಟ್ಟೆ, ಪಕ್ಕೆ, ಬೆನ್ನು ಎಲ್ಲವೂ ಬಿಗಿಯಾಗಿ ನಿಂತು ನನ್ನನ್ನು ನೆಟ್ಟಗೆ ಹಿಡಿದಿದ್ದವು. ಮೈಯೊಳಗೆ ಇಷ್ಟೊಂದು ಜನ ಕೆಲಸಗಾರರಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೈಹಿಡಿತದ ಬಗ್ಗೆ 2015ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಗಿದೆ. ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತ ಅಳೆದು ಕೆಲವು ವರ್ಷ ಗಮನಿಸಿದ್ದರು. ಹಿಡಿತ ಕಡಿಮೆ ಇದ್ದವರಲ್ಲಿ ಸಾವು ಜಾಸ್ತಿ ಕಂಡಿತು. ಹಿಡಿತ ಒಂದನ್ನೇ ಗಟ್ಟಿ ಮಾಡಿಕೊಂಡರೆ ಆಯಸ್ಸು ಬೆಳೆಯುತ್ತದೆ ಅಂತ ಅದರ ಅರ್ಥ ಅಲ್ಲ. ಇಡೀ ಮೈಯಲ್ಲಿ ಎಷ್ಟು ಬಲ ಉಳಿದಿದೆ ಅನ್ನುವುದನ್ನು ಕೈ ಹೇಳುತ್ತದೆ, ಅಷ್ಟೆ. ಬಚ್ಚಲಿನಲ್ಲಿ ಅವತ್ತು ನನ್ನ ಕೈ ಹೇಳಿದ್ದೂ ಅದನ್ನೇ.

ಮೈಕೈ ನೋವಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊಸ ವ್ಯಾಯಾಮ ಮಾಡಿದ ದಿನಕ್ಕಿಂತ ಮಾರನೇ ದಿನ, ಅದರ ಮಾರನೇ ದಿನ ನೋವು ಜಾಸ್ತಿ. ಶನಿವಾರ ಮಾಡಿದ್ದಕ್ಕೆ ಸೋಮವಾರ ಮಿಲ್ಲಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡು ಹೀಗಾಗುತ್ತದೆ ಅನ್ನುವವರು ಬಹಳ ಜನ. ಆದರೆ ಆ ಆಸಿಡ್ ಒಂದೆರಡು ಗಂಟೆಯೊಳಗೇ ಇಳಿದುಹೋಗುತ್ತದೆ. ಅಭ್ಯಾಸವಿಲ್ಲದ ಕೆಲಸದಿಂದ ಮಾಂಸದ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ, ಅದು ವಾಸಿಯಾಗುವಾಗಿನ ನೋವು ಇದು. ವಾಸಿಯಾಗೋಕೆ ಬಿಡುವು ಬೇಕು, ಊಟ ಬೇಕು. ನಾನು ರಾತ್ರಿ ಮುದ್ದೆ ಜೊತೆ ಹುರುಳಿಕಾಳಿನ ಸಾರು ಕಾಯಂ ಮಾಡಿಕೊಂಡೆ. ಬೆಳಿಗ್ಗೆ ಎರಡು ಮೊಟ್ಟೆ. ಡಬ್ಬಿ ಪುಡಿ ಯಾವುದೂ ತಗೊಳ್ಳಲಿಲ್ಲ.

ನಾಲ್ಕು ತಿಂಗಳ ಮೇಲೆ ಕೈಗೆ ಹನ್ನೆರಡು, ಆಮೇಲೆ ಹದಿನಾರು ಕೆಜಿ ಬಂತು. ಆ ದಿನ ನನಗೆ ಅವ್ವನ ಹಿತ್ತಾಳೆ ಬಿಂದಿಗೆ ನೆನಪಾಯಿತು. ನೀರು ತುಂಬಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ತಲೆ ಮೇಲೆ ಸಿಂಬೆ ಇಟ್ಟು ಒಂದು, ಸೊಂಟದ ಮೇಲೆ ಒಂದು. ಊರ ಮುಂದಿನ ಸೇದೋ ಬಾವಿಯಿಂದ ಮನೆಗೆ ಬೆಳಿಗ್ಗೆ ಆರು ಸಲ, ಸಂಜೆ ನಾಲ್ಕು ಸಲ. ಅದೆಲ್ಲ ಮಾಡಿದವಳು ಈಗ ಒಂದು ಮಣೆಯಿಂದ ಏಳಲಾರಳು. "ಹಿಂದಿನೋರು ಗದ್ದೆ ಕೆಲಸ ಮಾಡ್ತಿದ್ರು, ಅದಕ್ಕೇ ಗಟ್ಟಿಯಾಗಿದ್ರು" ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಗಟ್ಟಿಯಾಗಿದ್ದರು ನಿಜ. ಅದೇ ಕೆಲಸ ಅವರ ಮಂಡಿಯನ್ನೂ ಸೊಂಟವನ್ನೂ ತಿಂದುಹಾಕಿತು ಅನ್ನುವುದೂ ನಿಜ.

ಒಂದು ಶನಿವಾರ ಅವ್ವನನ್ನೂ ಜಿಮ್ಮಿಗೆ ಕರೆದುಕೊಂಡು ಹೋದೆ. ಗೋಡೆ ಪಕ್ಕ ಕುರ್ಚಿ ಹಾಕಿಕೊಟ್ಟರು. ಸೆರಗು ಹೊದ್ದು ಕೂತು, ನಾನು ಎರಡು ಕೆಟಲ್‌ಬೆಲ್ ಹಿಡಿದು ನಡೆಯುವುದನ್ನೇ ನೋಡಿದಳು.

"ಅದ್ನ ಎತ್ಕಂಡು ಎಲ್ಲಿಗಮ್ಮಿ ಓಯ್ತೀಯ?"

"ಎಲ್ಲಿಗೂ ಇಲ್ಲ ಕಣವ್ವ. ಆ ಗೋಡೆ ತನಕ ಹೋಗಿ ಬರೋದು."

"ಕೈ ಸೋತ್ರೆ?"

"ಕೆಳಗಿಡೋದು. ಸುಧಾರಿಸ್ಕೊಂಡು ಮತ್ತೆ ಎತ್ತೋದು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಂಗೆ ಅಂಗಿರ್ಲಿಲ್ಲ ಕಣಮ್ಮಿ. ದಾರೀಲಿ ಇಳಿಸ್ಬುಟ್ರೆ ಮತ್ತೆ ತಲೆ ಮ್ಯಾಕೆ ಎತ್ಕೊಡೋರ್ ಯಾರು?" ಅಂದಳು.

ನಾನು ಭಾರ ಕೆಳಗಿಟ್ಟು ಅವಳ ಪಕ್ಕ ಹೋಗಿ ಕೂತೆ. ಕೋಚ್ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು, "ಅಜ್ಜಿ, ಒಂದ್ಸಲ ಎದ್ದು ನಿಂತ್ಕೊಳ್ಳಿ," ಅಂತ ಕೈ ಕೊಟ್ಟಳು. ಅವ್ವ ನಿಂತಳು. ಎಡಕ್ಕೆ ವಾಲಿಕೊಂಡೇ ನಿಂತಳು. ಇಷ್ಟು ವರ್ಷ ಜೊತೆಯಲ್ಲಿದ್ದು ನಾನದನ್ನು ಗಮನಿಸಿರಲಿಲ್ಲ. "ಬಿಂದಿಗೆ ಯಾವ ಸೊಂಟದ ಮೇಲೆ ಇಟ್ಕೋತಿದ್ರಿ?" ಅಂತ ಕೋಚ್ ಕೇಳಿದಳು. ಅವ್ವ ಎಡಗಡೆ ಮುಟ್ಟಿ ತೋರಿಸಿದಳು. ಯಾವತ್ತಾದರೂ ಬಲಗಡೆ? "ಇಲ್ಲ ಕಣವ್ವ, ಬಲಗೈ ತಲೆ ಮ್ಯಾಗಿನ ಬಿಂದ್ಗೆ ಹಿಡ್ಕಬೇಕಲ್ಲ."

ಡಾಕ್ಟರನ್ನು ಕೇಳಿಕೊಂಡೇ ಮುಂದಿನದು ಮಾಡಿದೆವು. ಮೂಳೆ ತೆಳುವಾಗಿದೆ, ಭಾರ ಬೇಡ, ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿಸಿ ಅಂದರು. ನಮ್ಮ ಊಟದ ಮನೆಯ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟೆ. ದಿನಾ ಸಂಜೆ ನಾನು ಎದುರಿಗೆ ನಿಲ್ಲುತ್ತಿದ್ದೆ. ಮೊದಲ ವಾರ ನನ್ನ ಎರಡೂ ಕೈ ಹಿಡಿದು ಮೂರು ಸಲ ಎದ್ದಳು. ಆಮೇಲೆ ಒಂದು ಕೈ. ಆರನೇ ವಾರ ಕೈಯನ್ನು ಎದೆ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂತಳು. ಐದನೆಯದಕ್ಕೆ ತೊಡೆ ನಡುಗುತ್ತಿತ್ತು. ಮುಖ ಮಾತ್ರ ನಾಟಿ ಮುಗಿಸಿ ಬದು ಹತ್ತಿದವಳ ಹಾಗೆ ಅರಳಿತ್ತು. ಬಚ್ಚಲಿಗೆ ಮಣೆ ತೆಗೆದು ಎತ್ತರದ ಸ್ಟೂಲು ಹಾಕಿದೆ. ಗೋಡೆಗೆ ಹಿಡಿ ಹಾಕಿಸಿದೆ. ಇವನ್ನು ಯಾವತ್ತೋ ಮಾಡಬೇಕಿತ್ತು.

ಮೊನ್ನೆ ಭಾನುವಾರ ಸಂಜೆ ನಾನು ಬಟ್ಟೆ ಮಡಚುತ್ತಾ ಬಾಗಿಲಲ್ಲಿ ಕೂತಿದ್ದೆ. ಅವ್ವ ಚಿಕ್ಕ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಅರ್ಧ ನೀರು ಹಿಡಿದು, ಅಭ್ಯಾಸದಂತೆ ಎಡ ಸೊಂಟಕ್ಕೆ ಇಟ್ಟುಕೊಂಡು, ಕಾಂಪೌಂಡ್ ಪಕ್ಕದ ಕನಕಾಂಬರ ಗಿಡಕ್ಕೆ ಹೊರಟಿದ್ದಳು. ನಲ್ಲಿಯಿಂದ ಗಿಡಕ್ಕೆ ಹದಿನೈದು ಹೆಜ್ಜೆ ಇರಬಹುದು. ಅರ್ಧ ದಾರಿಯಲ್ಲಿ ನಿಂತಳು. ಬಿಂದಿಗೆಯನ್ನು ತುಳಸಿ ಕಟ್ಟೆ ಮೇಲೆ ಇಳಿಸಿದಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಕಟ್ಟೆಯ ಆಚೆ ಬದಿಗೆ ಹೋಗಿ, ಬಿಂದಿಗೆಯನ್ನು ಬಲ ಸೊಂಟಕ್ಕೆ ಇಟ್ಟುಕೊಂಡು ನಡೆದಳು.