ಹೊಟ್ಟೆಯೊಳಗಿನ ರಕ್ತಸ್ರಾವ: ಮೊದಲ ರೀಡಿಂಗ್ ಬೇಗ ಬೇಕು

ಕೊಡಗಿನ ಒಂದು ಆಸ್ಪತ್ರೆಯಲ್ಲಿ ಮಾನಿಟರ್, ಸ್ಕ್ಯಾನಿಂಗ್ ಮಷಿನ್ ನೋಡಿಕೊಳ್ಳುವುದು ನನ್ನ ಕೆಲಸ. ಕರಿಮೆಣಸು ಕೊಯ್ಲು ಶುರುವಾದರೆ ಏಣಿಯಿಂದ ಬಿದ್ದವರು ಬರುತ್ತಾರೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ ಎಷ್ಟು ಎತ್ತರವೋ ಬಳ್ಳಿಯೂ ಅಷ್ಟೇ ಎತ್ತರ. ಕೈ ಮುರಿದರೆ ಕಣ್ಣಿಗೆ ಕಾಣುತ್ತದೆ. ಗುಲ್ಮವೋ (ಸ್ಪ್ಲೀನ್) ಲಿವರೋ ಸೀಳಿ ಒಳಗೇ ರಕ್ತ ಒಸರುತ್ತಿದ್ದರೆ ಕಾಣುವುದಿಲ್ಲ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಒಂದು ಲೀಟರ್ ಹೋದರೂ ಬಿಪಿ ಇಳಿಯದೇ ಇರಬಹುದು. ರೋಗಿ ಚೆನ್ನಾಗಿ ಮಾತಾಡುತ್ತಲೇ ಇರುತ್ತಾರೆ.

ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಇದೆ, ಅಲ್ವಾ? ಇದೆ. ಲಿವರ್ ಮತ್ತು ಬಲ ಕಿಡ್ನಿ ನಡುವಿನ ಸಂದಿಯಲ್ಲಿ ರಕ್ತ ನಿಂತರೆ ಕಪ್ಪಗೆ ಕಾಣುತ್ತದೆ. ಆದರೆ 200 ಮಿ.ಲೀ.ಗಿಂತ ಕಡಿಮೆ ಇದ್ದಾಗ ತಪ್ಪಿಹೋಗುವುದು ಜಾಸ್ತಿ. ಅದು ಆ ಹೊತ್ತಿನ ಚಿತ್ರ ಮಾತ್ರ.

ಹಾಗಾಗಿ ನನಗೆ ಎಲೆಕ್ಟ್ರಿಕಲ್ ಇಂಪಿಡೆನ್ಸ್ ಟೊಮೊಗ್ರಫಿ, ಅಂದರೆ ಇಐಟಿ ಮೇಲೆ ತುಂಬ ಆಸೆ. 1980ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಬರ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಇದನ್ನು ಬೆಳೆಸಿದರು. ಹೊಟ್ಟೆಯ ಸುತ್ತ ಇಸಿಜಿಗೆ ಹಾಕುವಂಥ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಒಂದು ಜೋಡಿಯಿಂದ ಮೈಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಬಿಟ್ಟು, ಉಳಿದವುಗಳಲ್ಲಿ ವೋಲ್ಟೇಜ್ ಅಳೆಯುತ್ತಾರೆ. 16 ಎಲೆಕ್ಟ್ರೋಡ್ ಇದ್ದರೆ ಒಂದು ಸುತ್ತಿಗೆ 208 ರೀಡಿಂಗ್. ಕೊಬ್ಬಿಗಿಂತ ರಕ್ತದಲ್ಲಿ ಕರೆಂಟ್ ಹತ್ತು ಪಟ್ಟಿಗೂ ಮೀರಿ ಸಲೀಸಾಗಿ ಹರಿಯುತ್ತದೆ. ರಕ್ತ ತುಂಬಿದ ಕಡೆ ವೋಲ್ಟೇಜ್ ಇಳಿಯುತ್ತದೆ. ಹೊಟ್ಟೆಯೊಳಗೆ ದ್ರವ ಬಿಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಶ್ವಾಸಕೋಶ ನೋಡಲು ಐಸಿಯುಗಳಲ್ಲಿ ಬಳಸುತ್ತಲೂ ಇದ್ದಾರೆ. ಹೊಟ್ಟೆಗೆ ಮಾತ್ರ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ.

ಒಂದು ದುಂಡು ಪ್ಲಾಸ್ಟಿಕ್ ಟಬ್ಬಿಗೆ ಸುತ್ತಲೂ ಎಲೆಕ್ಟ್ರೋಡ್ ಬದಲಿಗೆ ಸ್ಟೀಲ್ ಸ್ಕ್ರೂ ಕೂರಿಸಿ, ತೆಳು ಉಪ್ಪುನೀರು ತುಂಬಿ ನಾನೇ ನೋಡಿದೆ. ರಕ್ತದ ಬದಲಿಗೆ ಒಂದು ಬದಿಗೆ ಸಿರಿಂಜಿನಿಂದ ಗಟ್ಟಿ ಉಪ್ಪುನೀರು ಮೆಲ್ಲಗೆ ಬಿಟ್ಟೆ. ಮೀಟರಿನ ಕೊನೆಯ ಅಂಕಿಗಳಷ್ಟೇ ಅಲುಗಿದವು. ಒಂದು ನಟ್ ಸಡಿಲ ಮಾಡಿದರೆ ಅದಕ್ಕಿಂತ ದೊಡ್ಡ ಬದಲಾವಣೆ! ನೋಡುತ್ತಾ ನಿಂತಿದ್ದ ಸಿಸ್ಟರ್ ಕೇಳಿದರು, "ಅಣ್ಣ, ಮೊದಲು ಎಷ್ಟಿತ್ತು ಅಂತ ಬರೆದಿಟ್ಟಿಲ್ಲ ಅಂದ್ರೆ ಇದ್ರಲ್ಲಿ ಏನು ಗೊತ್ತಾಗುತ್ತೆ?" ಸರಿಯಾದ ಪ್ರಶ್ನೆ. ಇಐಟಿ ಚೆನ್ನಾಗಿ ಹಿಡಿಯುವುದು ಬದಲಾವಣೆಯನ್ನು. ಮೊದಲ ರೀಡಿಂಗ್ ಕೆಟ್ಟರೆ ಮುಂದಿನದ್ದೆಲ್ಲ ಕೆಟ್ಟಂತೆ. ಬೆವರಿದ ಚರ್ಮ, ಒಣಗಿದ ಜೆಲ್, ಮಗ್ಗುಲು ತಿರುಗಿ ಮಲಗಿದ್ದು, ಎಲ್ಲವೂ ರೀಡಿಂಗ್ ಬದಲಿಸುತ್ತವೆ. ಮೂತ್ರಕೋಶವಂತೂ ದೊಡ್ಡ ಮೋಸ. ಡ್ರಿಪ್ ಹಾಕಿದ ಮೇಲೆ ಅದು ತುಂಬುತ್ತದೆ, ಮೂತ್ರದಲ್ಲೂ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಕಿಬ್ಬೊಟ್ಟೆಯಲ್ಲಿ ರಕ್ತ ನಿಂತ ಹಾಗೆಯೇ ತೋರಬಹುದು.

ಆ ಮಷಿನ್ ನಮ್ಮಲ್ಲಿಲ್ಲ. ಆದರೆ ಅದು ಕೇಳುವ ಶಿಸ್ತನ್ನು ಸ್ಕ್ಯಾನಿಂಗಿಗೆ ಈಗಲೇ ತರಬಹುದು. ಬಿದ್ದವರು ಬಂದ ಕೂಡಲೇ ಮೊದಲ ಸ್ಕ್ಯಾನ್. ಹಾಳೆಯಲ್ಲಿ ಗಂಟೆ, ಮಲಗಿದ ಭಂಗಿ, ಮೂತ್ರ ಮಾಡಿಸಿದ ಹೊತ್ತು. ಏನೂ ಕಾಣಲಿಲ್ಲ ಅಂತ ಸುಮ್ನೆ ಬಿಡದೆ, ಡಾಕ್ಟರ್ ಹೇಳಿದ ಹೊತ್ತಿಗೆ ಮತ್ತೆ ಸ್ಕ್ಯಾನ್, ಅದೇ ಹಾಳೆಯಲ್ಲಿ ಪಕ್ಕಕ್ಕೇ. ಮೈಸೂರಿಗೋ ಮಂಗಳೂರಿಗೋ ಕಳಿಸಬೇಕಾದರೆ ಘಾಟಿ ಇಳಿದು ಗಂಟೆಗಟ್ಟಲೆ ದಾರಿ. ತೋಟದ ಕೆಲಸ ನೋಡಿಕೊಳ್ಳುವ ಎಸ್ಟೇಟ್ ರೈಟರುಗಳಿಗೂ ಇದನ್ನೇ ಹೇಳುತ್ತೇನೆ: ಬಿದ್ದವರು ಎದ್ದು ಓಡಾಡುತ್ತಿದ್ದರೂ ಲೈನ್ ಮನೆಗೆ (ಕೆಲಸಗಾರರ ವಸತಿಗೆ) ಕಳಿಸಬೇಡಿ, ನೇರ ಆಸ್ಪತ್ರೆಗೆ ಕರೆತನ್ನಿ, ಬಿದ್ದ ಹೊತ್ತು ಬರೆದುಕೊಂಡು ಬನ್ನಿ.